ಓಣಿಯ ಮೊದಲ ಹೊಗೆ

"ಇಲಿ ಸುದ್ದಾ ಸಾಯೂತನಾ ಮನಿ ಬಿಡಾಂಗಿಲ್ಲ. ನಮ್ಮ ಅಲ್ಲಾವುದ್ದೀನನ್ನ ನೋಡ್ರಿ, ಜೀವಂತ ಇದ್ದಾಗಽ ಬಿಟ್ಟು ಕುಂತಾನ! ಇಲಿಗೆ ಇದ್ದಷ್ಟು ನಿಯತ್ತ ಈ ಮಗಗ ಇಲ್ಲ."

ದೊಡ್ಡಪ್ಪ ಗೌಸಮೊದ್ದೀನ ಈ ಮಾತಾಡಿದಾಗ ಹುಣಸೆಮರದ ಕೆಳಗೆ ನಮ್ಮ ಓಣಿಗೆ ಓಣಿಯೇ ಕೂತಿತ್ತು. ಗಂಡಸರು ಹೋ ಎಂದು ನಕ್ಕರು. ಗುಡಿಸಲುಗಳ ಬಾಗಿಲಲ್ಲಿ ನಿಂತ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಅವರ ನಡುವೆ ನನ್ನ ಅವ್ವ ಮಾಶಾಬಿ ತಲೆ ತಗ್ಗಿಸಿ ನಿಂತಿದ್ದಳು. ತಂಗಿ ಅಬೀದಾ ಅವಳ ಬೆನ್ನ ಹಿಂದೆ ನಿಂತಿದ್ದಳು. ನಾನು ಆಡಿದ್ದು ಒಂದೇ ಮಾತು: "ಈ ಸಲ ಊರಾಗಿನ ಮನಿಗೆ ಹೋಗೂದು ಬ್ಯಾಡ, ಇಲ್ಲೇ ಇರೂಣು." ಅದಕ್ಕೆ ಸಿಕ್ಕ ಬಹುಮಾನ ಇದು.

ನಾವು ಹಳೇ ಹುಬ್ಬಳ್ಳಿಯ ಪಿಂಜಾರರು. ಹತ್ತಿ ಹಿಂಜಿ ಗಾದಿ, ತಲೆದಿಂಬು ತುಂಬುವುದು ನಮ್ಮ ಕಸುಬು. ನಾನು ಹುಟ್ಟುವ ಮೊದಲೇ ಊರಿಗೆ ಪ್ಲೇಗು ಬಂದಿತ್ತು. ನಾನು ಹೇಳುತ್ತಿರುವುದು ಸಾವಿರದ ಒಂಬೈನೂರ ಇಪ್ಪತ್ತಮೂರನೆಯ ಇಸವಿಯ ಮಾತು. ಅಲ್ಲಿಯವರೆಗೂ ಅದು ಬಂದು ಹೋಗಿ ಮಾಡುತ್ತಲೇ ಇತ್ತು. ಮಳೆ ಮುಗಿಯುವ ಹೊತ್ತಿಗೆ ಮನೆಗಳಲ್ಲಿ ಇಲಿ ಬೀಳತೊಡಗಿದರೆ ಹಾಸಿಗೆ ಹೊದಿಕೆ ಹೊತ್ತುಕೊಂಡು ಊರ ಹೊರಗೆ ಗುಡಿಸಲು ಹಾಕುವುದು, ಇಲಿ ಬೀಳುವುದು ನಿಂತ ಮೇಲೆ ತಿರುಗಿ ಹೋಗುವುದು. ಹೋದಷ್ಟು ಜನ ಎಂದೂ ತಿರುಗಿ ಬರಲಿಲ್ಲ. ಕೆಲವರು ಮಣ್ಣು ಸೇರಿದರು. ಉಳಿದವರಲ್ಲಿ ಒಬ್ಬ ರೈಲ್ವೆ ವರ್ಕಶಾಪಿನ ಬದಿಗೆ ಹೋದ, ಇನ್ನೊಬ್ಬ ಸ್ಟೇಶನ್ ರಸ್ತೆಗೆ, ಮತ್ತೊಬ್ಬ ಕೇಶ್ವಾಪುರಕ್ಕೆ. ಪ್ರತಿ ವರ್ಷ ಆ ಕಡೆ ಹೊಸ ಗೋಡೆ ಏಳುತ್ತಿದ್ದವು, ನಮ್ಮ ಕಡೆ ಹಳೇ ಗೋಡೆ ಬೀಳುತ್ತಿದ್ದವು. ಓಣಿಯಲ್ಲಿ ಬೀಗ ಹಾಕಿದ ಮನೆಗಳಿದ್ದವು, ಬೀಗ ಹಾಕುವಷ್ಟು ಬಾಗಿಲೂ ಉಳಿಯದ ಮನೆಗಳಿದ್ದವು. ಆ ವರ್ಷ ನಾವು ಗುಡಿಸಲು ಹಾಕಿದ್ದು ಕೇಶ್ವಾಪುರದ ಆಚೆ, ಬೀಳುಬಿದ್ದ ಒಂದು ಹೊಲದಲ್ಲಿ.

ತಿರುಗಿ ಹೋಗುವುದಕ್ಕೆ ನಮ್ಮ ಓಣಿಯದೇ ಒಂದು ರೀತಿ ಇತ್ತು. ಮೊದಲ ಹೊಗೆ ನಮ್ಮ ಮನೆಯಿಂದ ಏಳಬೇಕು. ಮದುವೆಯಾಗದ ಹುಡುಗಿಯೊಬ್ಬಳು ಗುಡಿಸಲ ಒಲೆಯ ಕೆಂಡವನ್ನು ಒಡೆದ ಮಡಕೆಯ ಬೋಕಿಯಲ್ಲಿ ಹೊತ್ತುಕೊಂಡು ಹೋಗಿ ಮನೆಯ ಒಲೆ ಹೊತ್ತಿಸಬೇಕು. ಗುಡಿಸಲ ಒಲೆಯನ್ನು ಮನೆಯ ಹೆಂಗಸು ಒಡೆದು ಬರಬೇಕು. ಆ ರಾತ್ರಿ ನಮ್ಮ ಮನೆತನ ಒಂದೇ ಅಲ್ಲಿ ಮಲಗಬೇಕು. ನಾವು ಮುಂಜಾನೆ ಎದ್ದು ಬಾಗಿಲು ತೆರೆದರೆ ಉಳಿದವರು ಸಾಮಾನು ಹೊತ್ತುಕೊಂಡು ಬರುತ್ತಾರೆ. ನನ್ನ ಅಜ್ಜನ ಕಾಲದಿಂದ ಇದು ನಮಗೆ ಬಂದ ಮರ್ಯಾದೆಯಂತೆ. ಹಿಂದಿನ ಸಲ ಆ ಕೆಂಡ ಹೊತ್ತವಳು ನನ್ನ ಅಕ್ಕ ಗುಲ್ಜಾರಬಿ. ಓಣಿ ತುಂಬಿತು. ವಾರ ತುಂಬುವುದರೊಳಗೆ ಅವಳ ಬಗಲಲ್ಲಿ ಗಂಟು ಎದ್ದಿತು. ಅವಳನ್ನು ಹೂಳಿ ಬಂದ ದಿನವೂ ದೊಡ್ಡಪ್ಪನಿಗೆ ಜನ ಸಲಾಮು ಮಾಡುವುದನ್ನು ಬಿಡಲಿಲ್ಲ.

ಈ ಸಲ ಸರದಿ ಅಬೀದಾಳದು. ರಜಬ್ ತಿಂಗಳ ಚಂದ್ರ ಕಂಡ ಮೇಲಿನ ಶುಕ್ರವಾರ ಎಂದು ದೊಡ್ಡಪ್ಪ ಹುಣಸೆಮರದ ಕೆಳಗೆ ಸಾರಿಬಿಟ್ಟ.

ಅಂದು ಸಂಜೆ ಅವ್ವ ಝುಣಕ ಮಾಡಿದ್ದಳು. ದೊಡ್ಡಪ್ಪನಿಗೆ ಮೊದಲು ಬಡಿಸಿ, ಆಮೇಲೆ ನನಗೆ ಹಾಕಿದಳು. ದೊಡ್ಡವ್ವ ದಾವಲಬಿ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಅಬೀದಾಗ ಹೊಸಾ ಹಸರ ಬಳಿ ಹಾಕಸ್ರಿ," ದೊಡ್ಡಪ್ಪ ಎಂದ. "ಓಣಿ ಮಂದಿ ನೋಡ್ತಾರ."

"ನಿನ್ನ ಹೆಣಮಕ್ಕಳನ್ನ ಕರಸು," ನಾನೆಂದೆ. "ಒಬ್ಬಾಕಿ ಮುಗದದಾಗ ಅದಾಳ, ಒಬ್ಬಾಕಿ ಗರಗದಾಗ ಅದಾಳ. ಗಾಡಿ ನಾ ಹೊಡಕೊಂಡ ಹೋಕ್ಕೇನಿ."

"ಅವರು ಲಗ್ನ ಆದವರು. ಇದಕ್ಕ ಕನ್ಯಾನಽ ಬೇಕು."

"ಗುಲ್ಜಾರಬೀನೂ ಕನ್ಯಾನಽ ಇದ್ಲು. ಕನ್ಯಾ ಇದ್ದಾಗಽ ಹ್ವಾದ್ಲು."

ದೊಡ್ಡವ್ವನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ದೊಡ್ಡಪ್ಪ ತುತ್ತು ಕೆಳಗಿಟ್ಟ.

"ಅದು ಅಲ್ಲಾನ ಹುಕುಮ."

"ಸಾಯಿ ಅಂತ ಹುಕುಮ ಮಾಡಿದಾಂವ ಅಲ್ಲಾ ಇರಬೇಕು. ಆ ಮನಿಗೆ ಹೋಗು ಅಂತ ಹುಕುಮ ಮಾಡಿದಾಂವ ನೀ."

ಅವ್ವ ಬಂದು ನನ್ನ ಮುಂದಿನ ತಾಟು ಎತ್ತಿಕೊಂಡಳು. "ಹಿರ್ಯಾರ ಕೂಡ ಮಾತಾಡೂದು ಕಲಿ ಮೊದಲ. ಆಮ್ಯಾಲೆ ರೊಟ್ಟಿ ತಿನ್ನುವಂತಿ. ನಿಮ್ಮಪ್ಪ ಹ್ವಾದಾಗ ನೀ ಇಷ್ಟಽ ಇದ್ದಿ. ನಮಗ ಕೂಳ ಹಾಕಿದವ್ರು ಯಾರು?"

"ಕೂಳ ಹಾಕಿದವರಿಗೆ ಮಕ್ಕಳನ್ನ ಕೊಡ್ತಾರೇನಬೇ?"

ಅವಳು ತಾಟನ್ನು ಒಲೆಯ ಬದಿಗಿಟ್ಟಳು. ತಿರುಗಿ ಕೊಡಲಿಲ್ಲ. ನಾನು ಆ ರಾತ್ರಿ ನೀರು ಕುಡಿದು ಮಲಗಿದೆ.

ಹಗಲು ನಾನು ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ತಂತಿ ಮಿಡಿಯುತ್ತ ರೈಲ್ವೆ ಮನೆಗಳ ಸಾಲಿನಲ್ಲಿ ತಿರುಗುತ್ತಿದ್ದೆ. ಹಳೇ ಓಣಿಗಳಲ್ಲಿ ಆ ಸದ್ದು ಕೇಳಿ ಹೊರಗೆ ಬರುವವರು ಯಾರೂ ಉಳಿದಿರಲಿಲ್ಲ. ಇಲ್ಲಿ ಮಾತ್ರ ಕರೆದು ಕೂಡಿಸುತ್ತಿದ್ದರು. ವರ್ಕಶಾಪಿನ ಫಿಟ್ಟರ್ ಅಬ್ರಹಾಂ ಅವರ ಮನೆಯ ಕಟ್ಟೆಯ ಮೇಲೆ ಕೂತು ಹಳೇ ಗಾದಿ ಬಿಚ್ಚಿ ಹತ್ತಿ ಹಿಂಜುತ್ತಿದ್ದಾಗ ಅವರು ಬಂದು ನಿಂತರು.

"ಎಲ್ಲೆ ಇರ್ತೀಯಪಾ?"

"ರೈಲ್ ಹಳಿ ಆಚೆ, ಗುಡಸಲದಾಗ್ರಿ."

"ಇಲ್ಲೇ ಇರು ಹಂಗಾರ. ಈ ಸಾಲಿನ್ಯಾಗ ಎಲ್ಲಾರ ಮನ್ಯಾಗೂ ಗಾದಿ ಅದಾವ, ಪಿಂಜಾರ ಒಬ್ಬಾನೂ ಇಲ್ಲ. ನಿಮ್ಮ ಓಣ್ಯಾಗ ಕೆಲಸ ಐತೇನು?"

"ಗಾದಿ ಮ್ಯಾಲೆ ಮಲಗಾವ್ರಽ ಇಲ್ರಿ ಅಲ್ಲೆ."

ಅವರು ನಕ್ಕರು. ನಾನು ನಗಲಿಲ್ಲ. ತಂಗಿಯ ಸಂಗತಿ ಹೇಳಿದೆ. ಮಿಶನ್ ದವಾಖಾನೆಯಲ್ಲಿ ಪ್ಲೇಗಿಗೆ ಸೂಜಿ ಹಾಕುತ್ತಾರೆ, ಕರೆದುಕೊಂಡು ಬಾ ಎಂದರು. ಮನೆಗೆ ಬಂದು ಕೇಳಿದರೆ ದೊಡ್ಡಪ್ಪ ಎದ್ದು ನಿಂತ.

"ಹುಡಿಗಿ ತೋಳ ಪರಪುರುಷಗ ತೋರಸಬೇಕೇನಲೇ? ನಾಳೆ ಅಕಿನ್ನ ಯಾವಾಂವ ಮಾಡ್ಕೊಂತಾನ?"

"ಬದುಕಿದ್ರ ಯಾವಾನರ ಒಬ್ಬಾಂವ ಮಾಡ್ಕೊಂತಾನ, ದೊಡ್ಡಪ್ಪಾ. ಸತ್ತಾಕಿನ್ನ ಯಾರೂ ಕೇಳಾಂಗಿಲ್ಲ."

ಕೈಗೆ ಸಿಕ್ಕ ತಂಬಿಗೆ ನನ್ನ ಮೇಲೆ ಬಂತು. ಬಾಗಿದೆ. ತಂಬಿಗೆ ನೆಗ್ಗಿದ್ದಕ್ಕೆ ದೊಡ್ಡವ್ವ ಇಬ್ಬರನ್ನೂ ಬೈದಳು.

ಅಂದಿನಿಂದ ಕೆಲಸ ಮುಗಿಸಿ ಬಂದ ಮೇಲೆ ಗುಡಿಸಲಿಗೆ ಮಣ್ಣಿನ ಗೋಡೆ ಕಟ್ಟತೊಡಗಿದೆ. ಅಬೀದಾ ನೀರು ಹೊತ್ತಳು, ಮಣ್ಣು ತುಳಿದಳು. ಹದಿನೈದು ವರ್ಷದ ಹುಡುಗಿ. ಮಾತು ಕಡಿಮೆ, ತುಳಿತ ಜೋರು. ದೊಡ್ಡಪ್ಪ ಮುಂಜಾನೆ ಎದ್ದು ಹಸಿ ಗೋಡೆಗೆ ಒದ್ದು ನಮಾಜಿಗೆ ಹೋಗುತ್ತಿದ್ದ. ಸಂಜೆ ನಾವು ಮತ್ತೆ ಏರಿಸುತ್ತಿದ್ದೆವು.

ಒಂದು ದಿನ ಮಹಾಂತಯ್ಯನವರು ಬಂದರು. ನಮ್ಮ ಓಣಿಯ ತುದಿಯಲ್ಲಿ ಎಣ್ಣೆ ಉಪ್ಪಿನ ಅಂಗಡಿ ಇಟ್ಟಿದ್ದವರು, ಹಿಂದಿನ ಪ್ಲೇಗಿನಲ್ಲಿ ಕೇಶ್ವಾಪುರಕ್ಕೆ ಬಂದು ಅಲ್ಲೇ ಅಂಗಡಿ ತೆರೆದಿದ್ದರು. ದೊಡ್ಡಪ್ಪನಿಗೆ ಬಾಲ್ಯದ ಗೆಳೆಯರು.

"ಗೌಸು, ಹುಡುಗನ ಗ್ವಾಡಿ ಚಲೋ ಬಂದೈತಲ್ಲೋ," ಎಂದರು.

"ನೀವ ಇವನ್ನ ಕೆಡಿಸಿದ್ದು ಅಯ್ಯನವರ. ನಿಮ್ಮ ಅಂಗಡಿ ಹ್ವಾತು, ಹಿಂದಿಂದ ಕಂಬಾರ ಹ್ವಾದ, ಕಂಬಾರನ ಹಿಂದ ಗಾಣಿಗ್ಯಾ ಹ್ವಾದ. ಓಣಿ ಅಂದ್ರ ಬಾಯಿ ಇದ್ದಂಗ. ಒಂದ ಹಲ್ಲ ಬಿತ್ತಂದ್ರ ಬಾಜೂದ್ದು ಅಳ್ಳಾಡತೈತಿ."

"ನೋವಾಗಾಕತ್ತರ ಕೀಳಬೇಕಾಕ್ಕೈತಲ್ಲೋ."

"ಎಲ್ಲಾ ಕಿತ್ತರ ಏನ ಉಳೀತು? ನಾಳೆ ಯಾರರ 'ನೀವ ಯಾವ ಓಣ್ಯಾವ್ರು' ಅಂತ ಕೇಳಿದ್ರ ನಾ ಏನಂತ ಹೇಳ್ಲಿ? ಹಳಿ ಆಚೆದಾವ್ರು ಅಂತ ಹೇಳ್ಲ್ಯಾ? ಮಸೂತ್ಯಾಗ ದೀಪ ಹಚ್ಚಾವ್ರು ಬ್ಯಾಡೇನು? ನಮ್ಮಪ್ಪನ ಗೋರಿಗೆ ಹೂವ ಹಾಕಾವ್ರು ಬ್ಯಾಡೇನು?"

ದೊಡ್ಡಪ್ಪ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಸುಳ್ಳಿನ ಅಳುವಲ್ಲ ಅದು. ನನಗೂ ಗೊತ್ತಿತ್ತು. ಆದರೆ ಗೋರಿಗೆ ಹೂವು ಹಾಕಲು ಇನ್ನೊಂದು ಗೋರಿ ತೋಡಬೇಕೆನ್ನುವ ಲೆಕ್ಕ ನನ್ನ ತಲೆಗೆ ಹತ್ತಲಿಲ್ಲ. ಅದನ್ನೇ ಹೇಳಿದೆ.

"ಮೂರನೇ ಇಯತ್ತೆ ಮುಗಸಲಾರದಾಂವ," ಎಂದ ದೊಡ್ಡಪ್ಪ, "ನನಗ ಲೆಕ್ಕಾ ಹೇಳಾಕ ಬಂದಾನ."

ಮಹಾಂತಯ್ಯನವರು ಅಬೀದಾಳ ಕೈಗೊಂದು ಬೆಲ್ಲದ ತುಣುಕು ಕೊಟ್ಟು ಎದ್ದು ಹೋದರು.

ರಜಬ್ ಚಂದ್ರ ಕಂಡಿತು. ಮರುದಿನ ದೊಡ್ಡಪ್ಪ ದೊಡ್ಡವ್ವನನ್ನು ಕರೆದುಕೊಂಡು ಹಳೇ ಮನೆಗೆ ಸುಣ್ಣ ಬಳಿಯಲು ಹೋದ. ಸಂಜೆ ತಿರುಗಿ ಬಂದ ದೊಡ್ಡವ್ವ ಗುಡಿಸಲೊಳಗೆ ಬಾರದೆ ಹೊರಗೇ ಕೂತು ಕೈ ತೊಳೆದಳು. ಬೂದಿ ಹಾಕಿ ತೊಳೆದಳು, ಮತ್ತೆ ತೊಳೆದಳು. ನಾನು ಬಾವಿಯಿಂದ ತಂದ ಕೊಡ ಅರ್ಧ ಬರಿದಾಯಿತು.

"ಸುಣ್ಣ ಇಷ್ಟ ಹತ್ತೈತೇನಬೇ?" ಎಂದೆ.

"ಸುಮ್ಮನಿರೋ." ಹಿಟ್ಟಿನ ಪರಾತ ಎಳೆದುಕೊಂಡು ಕೂತವಳು ಹಿಟ್ಟಿಗೆ ಕೈ ಹಾಕದೆ ತನ್ನ ಅಂಗೈ ನೋಡುತ್ತ ಉಳಿದಳು. ಆಮೇಲೆ ಅವ್ವನ ಕಡೆ ತಿರುಗಿದಳು. "ಮಾಶಾಬಿ, ಇವತ್ತ ಹಿಟ್ಟ ನೀ ನಾದು. ನಾ ನಾದೂದು ಬ್ಯಾಡ."

"ಯಾಕಕ್ಕಾ?"

"ಅಟ್ಟದ ಮ್ಯಾಲೆ ಹತ್ತಿ ಅಂಡಗಿ ಸರಸಿದೆ. ಕೆಳಗ ಬಿದ್ದಿತ್ತು. ಹಳೇದಲ್ಲ, ಮೆತ್ತಗಿತ್ತು. ಬಾಯಾಗ ರಗತ ಇತ್ತು. ಹಿತ್ತಲದಾಗ ಹುಗದು ಸುಮ್ಮನಿರು ಅಂದ್ರು ಅವರು."

ಅವ್ವ ಪರಾತವನ್ನು ತನ್ನ ಕಡೆ ಎಳೆದುಕೊಂಡಳು. ನಾನು ಹುಣಸೆಮರದ ಕಡೆ ಓಡಿದೆ. ದೊಡ್ಡಪ್ಪ ನಾಲ್ಕು ಮಂದಿಯ ನಡುವೆ ಬೀಡಿ ಸೇದುತ್ತ ಕೂತಿದ್ದ.

"ಮನ್ಯಾಗ ಇಲಿ ಬಿದ್ದೈತಂತಲ್ಲ!"

ಅವನು ಬೀಡಿಯ ಬೂದಿ ಝಾಡಿಸಿದ. "ಬಿದ್ದಿಲ್ಲ. ಬೆಕ್ಕ ಕೊಂದ ಹಾಕೇತಿ. ಬೆಕ್ಕು ಇಲಿ ಕೊಲ್ಲದ ಏನ ಹುಲಿ ಕೊಲ್ಲತೈತೇನು?"

ಮತ್ತೆ ನಕ್ಕರು. ನಾನು ಒಬ್ಬೊಬ್ಬರ ಮುಖ ನೋಡಿ ಹೇಳಿದೆ, ಕೈಮುಗಿದೂ ಹೇಳಿದೆ. ನಾನು ಬೆಳೆದದ್ದು ಇವರ ಅಂಗಳಗಳಲ್ಲಿ. ತರಕಾರಿ ಮಾರುವ ಫಕೀರವ್ವ ಒಬ್ಬಳೇ "ಹುಡುಗ ಯಾಕ ಸುಳ್ಳ ಹೇಳ್ತಾನ್ರಿ?" ಎಂದಳು. ಉಳಿದವರು, "ವರ್ಕಶಾಪಿನ ಗಾಳಿ ಹೊಡದೈತಿ ಇವಗ. ಇಲ್ಲಿ ಗಿರಾಕಿ ಸಿಕ್ಕಾವ, ಅದಕ್ಕ ಇಲಿ ಹುಟ್ಟಸ್ಯಾನ," ಎಂದರು. ಗುಡಿಸಲಲ್ಲಿ ಅವರೂ ಬೇಸತ್ತಿದ್ದರು. ಗಾಳಿಗೆ ಸೋಗೆ ಹಾರುತ್ತಿತ್ತು, ನೀರು ದೂರವಿತ್ತು, ಹೆಂಗಸರಿಗೆ ಮರೆ ಇರಲಿಲ್ಲ. ಯಾರಾದರೂ 'ಬರ್ರಿ' ಎಂದರೆ ಸಾಕಾಗಿತ್ತು ಅವರಿಗೆ.

ಮನೆಗೆ ಬಂದವನೇ ಅಬೀದಾಳ ಬಟ್ಟೆ ಗಂಟು ಕಟ್ಟತೊಡಗಿದೆ. "ನಡಿ, ಅಬ್ರಹಾಂ ಅವರ ಮನ್ಯಾಗ ಎರಡ ದಿನ ಇರುವಂತಿ. ಅವರ ಹೆಂಡ್ತಿ ಫ್ಲೋರೆನ್ಸ್ ಬಾಯಾರು ಭಾಳ ಚಲೋ ಅದಾರ."

"ನಾ ಕದ್ದು ಹೋಗಾಂಗಿಲ್ಲ ಅಣ್ಣಾ," ಎಂದಳು.

"ಮತ್ತ? ಸಾಯಾಕ ಹೋಕ್ಕೀಯೇನು?"

"ನೀ ಭಾಳ ಒದರ್ತಿ," ಎಂದು ನನ್ನ ಕೈಯಿಂದ ಗಂಟು ಕಸಿದು, ಬಟ್ಟೆಗಳನ್ನು ಒಂದೊಂದಾಗಿ ಹಗ್ಗಕ್ಕೆ ಹಾಕಿದಳು. "ನೀ ಒದರೂದಕ್ಕ ನನ್ನ ಮಾತ ಯಾರಿಗೂ ಕೇಳವಲ್ದು. ದೊಡ್ಡಪ್ಪ ಕೇಳಿಲ್ಲ, ನೀನೂ ಕೇಳಿಲ್ಲ."

ನನಗೆ ಅವಳ ಮೇಲೂ ಸಿಟ್ಟು ಬಂತು. ಎರಡು ದಿನ ಅವಳ ಕೂಡ ಮಾತು ಬಿಟ್ಟೆ. ಗೋಡೆಯ ಕೆಲಸವನ್ನು ಮಾತ್ರ ಇಬ್ಬರೂ ಬಿಡಲಿಲ್ಲ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯಿತು. ಜನ ಹೊರಟು ನಿಂತರು. ದೊಡ್ಡಪ್ಪ ಬಿಳಿ ರುಮಾಲು ಸುತ್ತಿಕೊಂಡು, ಗಡ್ಡಕ್ಕೆ ಅತ್ತರು ಹಚ್ಚಿಕೊಂಡು ಗುಡಿಸಲ ಮುಂದೆ ಬಂದ. ಅಬೀದಾ ಹಸಿರು ಬಳೆ ಹಾಕಿಕೊಂಡು ಬೋಕಿಯಲ್ಲಿ ಕೆಂಡ ತುಂಬಿ ಮೇಲೆ ಬೂದಿ ಮುಚ್ಚಿದ್ದಳು.

"ಮಾಶಾಬಿ, ಒಲಿ ಒಡದೀಯೇನು?"

"ಒಡದೇನ್ರಿ ಭಾವಾರ."

ನಾನು ಒಳಗೆ ಇಣುಕಿದೆ. ಒಲೆಯ ಮೇಲೆ ದೊಡ್ಡ ಬುಟ್ಟಿಯೊಂದು ಬೋರಲು ಬಿದ್ದಿತ್ತು. ಒಳಗೆ ಹೋಗಿ ಬುಟ್ಟಿ ಎತ್ತಿದೆ. ಒಲೆ ಇದ್ದ ಹಾಗೇ ಇತ್ತು. ಸಾಲದ್ದಕ್ಕೆ ಆ ಮುಂಜಾನೆಯೇ ಸೆಗಣಿಯಿಂದ ಸಾರಿಸಿದ್ದಳು. ಹೊರಗೆ ಬಂದು ಅವ್ವನ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಹುಟ್ಟಿದಂದಿನಿಂದ ಅವಳು ದೊಡ್ಡಪ್ಪನಿಗೆ ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಹಳಿ ದಾಟಿ, ಪೇಟೆ ದಾಟಿ, ಹಳೇ ಹುಬ್ಬಳ್ಳಿಯ ದಾರಿ ಹಿಡಿದೆವು. ಮುಂದೆ ದೊಡ್ಡಪ್ಪ, ಅವನ ಹಿಂದೆ ಕೆಂಡ ಹಿಡಿದ ಅಬೀದಾ, ಅವ್ವ, ದೊಡ್ಡವ್ವ, ನಾನು. ನಮ್ಮ ಹಿಂದೆ, ಮೊದಲ ಹೊಗೆ ನೋಡಿಕೊಂಡು ಗುಡಿಸಲಿಗೆ ತಿರುಗಲು ಬಂದ ಓಣಿಯ ಜನ. ಮಹಾಂತಯ್ಯನವರೂ ಅಂಗಡಿಗೆ ಮಗನನ್ನು ಕೂಡಿಸಿ ಬಂದಿದ್ದರು. ಓಣಿಯ ಬಾಯಿಗೆ ಬಂದಾಗ ನಾಯಿಯೂ ಬೊಗಳಲಿಲ್ಲ. ಗೋಡೆಗಳ ಮೇಲೆ ಎಕ್ಕೆ ಬೆಳೆದಿತ್ತು. ನಮ್ಮ ಮನೆ ಒಂದಕ್ಕೇ ಹೊಸ ಸುಣ್ಣ; ಮುರುಕು ಸಾಲಿನಲ್ಲಿ ಅದು ಹೆಣಕ್ಕೆ ಹೊದಿಸಿದ ಬಟ್ಟೆಯ ಹಾಗೆ ಬೆಳ್ಳಗೆ ಕಾಣುತ್ತಿತ್ತು.

ಅಬೀದಾ ನಿಂತಳು.

"ನಡಿ ಮಗಳಽ," ಎಂದ ದೊಡ್ಡಪ್ಪ. ಪ್ರೀತಿಯಿಂದಲೇ ಎಂದ.

"ನಾ ಒಳಗ ಬರಾಂಗಿಲ್ಲ ದೊಡ್ಡಪ್ಪಾ."

"ಕೆಂಡ ಆರತಾವ. ನಡಿ."

"ಆರಲಿ."

ನಾನು ಮುಂದೆ ನುಗ್ಗಿದೆ. ಅವಳು ಕೈಯಿಂದ ನನ್ನನ್ನು ತಡೆದಳು, ನನ್ನ ಕಡೆ ನೋಡದೆಯೇ. ದೊಡ್ಡಪ್ಪನ ಕಣ್ಣು ನನ್ನ ಮೇಲೆ ಬಿತ್ತು.

"ಇವ ಕಲಿಸ್ಯಾನೇನು ಇದನ್ನ?"

"ಯಾರೂ ಕಲಿಸಿಲ್ಲ." ಅವಳ ದನಿ ಹಿಂದೆ ನಿಂತವರಿಗೂ ಕೇಳುವಷ್ಟು ಜೋರಾಗಿತ್ತು. "ಅಕ್ಕನ ಬಗಲಾಗಿನ ಗಂಟಿಗೆ ತಣ್ಣೀರಾಗ ಹಿಂಡಿದ ಅರಬಿ ಇಟ್ಟಾಕಿ ನಾನು. ನೀವೆಲ್ಲಾ ಹೊರಗ ಕಟ್ಟಿ ಮ್ಯಾಲೆ ಕುಂತಿದ್ರಿ. ಅಕಿ ನನ್ನ ಕೈ ಹಿಡದು ಏನ ಕೇಳಿದ್ಲು ಅಂತ ಯಾರರ ಕೇಳೀರೇನು? ಮನಿ ಬಿಟ್ಟು ಹೊರಗ ಒಯ್ಯಿ ಅಂದ್ಲು. ಮುಂಜಾನಿಂದ ಸಂಜೀತನಾ ಅದನ್ನಽ ಅಂದ್ಲು."

ಅವಳು ಬೋಕಿಯನ್ನು ಬಾಗಿಸಿದಳು. ಕೆಂಡಗಳು ಓಣಿಯ ಬಾಯಲ್ಲಿ ಧೂಳಿಗೆ ಬಿದ್ದು ಚದುರಿದವು. ಬೋಕಿಯನ್ನೂ ಅಲ್ಲೇ ಇಟ್ಟು ಕೈ ಝಾಡಿಸಿಕೊಂಡಳು.

ಜನರಲ್ಲಿ ಗುಜುಗುಜು ಎದ್ದಿತು. ದೊಡ್ಡಪ್ಪ ಅವರ ಕಡೆ ತಿರುಗಿ ಎರಡೂ ಕೈ ಎತ್ತಿದ. "ಹುಡುಗರ ಮಾತು! ಅಂಜಿಕಿ! ಒಂದ ಇಲಿ ಸತ್ತಿತ್ತು, ಅದನ್ನೂ ಬೆಕ್ಕ ಹಿಡದಿತ್ತು. ನನ್ನ ಹೆಂಡ್ತಿ ಕಣ್ಣಾರೆ ನೋಡ್ಯಾಳ. ಹೇಳ ಇವರಿಗೆ!"

ದೊಡ್ಡವ್ವ ದಾವಲಬಿ ಜನ್ಮದಲ್ಲಿ ನಾಲ್ಕು ಗಂಡಸರ ಎದುರು ಬಾಯಿ ತೆರೆದವಳಲ್ಲ. ಸೆರಗು ಮುಖದ ಮೇಲೆ ಎಳೆದುಕೊಂಡು, ಸೆರಗಿನೊಳಗಿಂದಲೇ ಎಂದಳು:

"ನಮ್ಮ ಓಣ್ಯಾಗ ಬೆಕ್ಕ ಎಲ್ಲಿ ಐತ್ರಿ? ಇದ್ದದ್ದೊಂದು. ಅದೂ ಸತ್ತು ನಮ್ಮ ಪಡಸಾಲ್ಯಾಗ ಬಿದ್ದಿತ್ತು. ಅದನ್ನೂ ನಾನಽ ಹುಗದೇನಿ."

ಫಕೀರವ್ವ ತನ್ನ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಬಂದ ದಾರಿಗೆ ತಿರುಗಿದಳು. ಅವಳ ಹಿಂದೆ ಒಬ್ಬ ತಿರುಗಿದ, ಇನ್ನಿಬ್ಬರು ತಿರುಗಿದರು. ಹುಣಸೆಮರದ ಕೆಳಗೆ ಎಲ್ಲರಿಗಿಂತ ಜೋರಾಗಿ ನಕ್ಕವನೇ ಎಲ್ಲರಿಗಿಂತ ಲಗುಬಗೆಯಿಂದ ಹೊರಟ. ಮಹಾಂತಯ್ಯನವರು ದೊಡ್ಡಪ್ಪನ ರಟ್ಟೆ ಹಿಡಿದು, "ಬಾ ಗೌಸು, ಬಿಸಲ ಭಾಳ ಐತಿ," ಎಂದರು. ಅವನು ಕೈ ಕೊಡವಿಕೊಂಡ, ಅಯ್ಯನವರೂ ತಿರುಗಿ ನಡೆದರು. ಅವ್ವ ಅವನ ಮುಂದೆ ಹಾದುಹೋಗುವಾಗ ನಿಂತು, "ಸಂಜಿಗೆ ನಿಮ್ಮ ಊಟ ಅಲ್ಲೇ ಮಾಡಿರ್ತೇನ್ರಿ ಭಾವಾರ," ಎಂದಷ್ಟೇ ಹೇಳಿ ನಡೆದಳು. ದೊಡ್ಡವ್ವ ಅವಳ ಹಿಂದೆ ಹೋದಳು.

ಅಬೀದಾ ಆಗಲೇ ರಸ್ತೆಗೆ ಇಳಿದಿದ್ದಳು.

ಉಳಿದವರು ದೊಡ್ಡಪ್ಪ, ನಾನು ಇಬ್ಬರೇ. ಅಷ್ಟರಲ್ಲಿ ಅವನು ಓಣಿಯ ನಡುವೆ ನಿಂತು, ಹೋಗುವವರಿಗೂ ಕೇಳುವಂತೆ ಒದರಿದ:

"ಲೇ ಅಲ್ಲಾವುದ್ದೀನಾ! ಹೊಟ್ಟಿ ತಣ್ಣಗಾತಿಲ್ಲೋ? ಈಗ ಹೇಳಲೇ ಎಲ್ಲಾರ ಮುಂದ! ನಾಳಿಂದ ಈ ಓಣ್ಯಾಗ ಇರಾವ್ರು ಯಾರು? ನಿಮ್ಮಪ್ಪ ಹುಟ್ಟಿದ ಮನ್ಯಾಗ ದೀಪಾ ಹಚ್ಚಾವ್ರು ಯಾರು? ಮಾತ ಬರತಾವಲ್ಲ ನಿನಗ, ಹೇಳು!"

ಹೋಗುತ್ತಿದ್ದವರು ನಿಂತು ತಿರುಗಿ ನೋಡಿದರು. ನನ್ನ ಬಾಯಿಗೆ ಎಂದೂ ಮಾತಿನ ಬರವಿರಲಿಲ್ಲ. ವಾರಗಟ್ಟಲೆ ಹಲ್ಲು ಕಚ್ಚಿ ಕೂಡಿಸಿಟ್ಟ ಮಾತುಗಳು ನಾಲಿಗೆಯ ತುದಿಗೇ ಇದ್ದವು. ಅವನ ರುಮಾಲು ಸಡಿಲಾಗಿ ಒಂದು ತುದಿ ಹೆಗಲ ಮೇಲೆ ಜಾರಿತ್ತು. ಅಬೀದಾ ಬರಿಗಾಲಲ್ಲಿ, ಕಾದ ಮಣ್ಣಿನ ಮೇಲೆ ಸರಸರ ಹೋಗುತ್ತಿದ್ದಳು, ಒಮ್ಮೆಯೂ ಹಿಂದೆ ನೋಡಲಿಲ್ಲ. ನಾನು ದೊಡ್ಡಪ್ಪನಿಗೆ ಬೆನ್ನು ಮಾಡಿ ಅವಳ ಹಿಂದೆ ನಡೆದೆ.